ಇಲ್ಲದ ಸಾಧನದ ಎರಡನೇ ತಂತಿ

ಯಂತ್ರದೊಳಗಿನ ಯಾವುದೇ ಬಿಡಿಭಾಗವನ್ನು ಲಿಖಿತವಾಗಿ ವಿವರಿಸದ ಹೊರತು, ಆ ಬಿಡಿಭಾಗ ಇದೆ ಎಂದು ಕರ್ನಲ್ ನಂಬತಕ್ಕದ್ದಲ್ಲ. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ವಿವರಣೆ ಬರೆಯಲು ಒಂದು ನಮೂನೆಯಿದೆ. ನಮೂನೆ ಹೇಗಿರಬೇಕೆಂದು ತೋರಿಸಲು ಒಂದು ಮಾದರಿ ನಮೂನೆಯಿದೆ. ಮಾದರಿಯನ್ನು ಕಾಯಲು ಮಾದರಿ ನಮೂನೆ ಪರಿಶೀಲನಾ ಸಮಿತಿಯಿದೆ. ಸಮಿತಿ ಇರುವುದು ಮೂರನೇ ಮಹಡಿಯಲ್ಲಿ. ಲಿಫ್ಟಿನ ವಿವರಣೆ ಇನ್ನೂ ಮಂಜೂರಾಗಿಲ್ಲವಾದ್ದರಿಂದ ಮೆಟ್ಟಿಲು ಹತ್ತಿ ಹೋಗಬೇಕು.

ಒಬ್ಬಳು ಎಂಜಿನಿಯರ್ ಆ ಮೆಟ್ಟಿಲನ್ನು ಹನ್ನೊಂದನೇ ಸಲ ಹತ್ತಿದಳು. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳನ್ನು ಮಲಗಿಸುವ ಬಿಸಿಪೆಟ್ಟಿಗೆಗೆ ಅವಳು ಒಂದು ಫ್ಯಾನ್ ಮಾಡಿದ್ದಳು. ಫ್ಯಾನ್ ತಿರುಗದಿದ್ದರೆ ಪೆಟ್ಟಿಗೆ ಅತಿಯಾಗಿ ಕಾಯುತ್ತದೆ. ವಿವರಣೆ ಮಂಜೂರಾಗದಿದ್ದರೆ ಫ್ಯಾನ್ ತಿರುಗುವುದಿಲ್ಲ. ಅವಳ ಅಕ್ಕ ನರ್ಸ್. ಅಕ್ಕನ ಆಸ್ಪತ್ರೆಯ ಕಾರಿಡಾರಿನಲ್ಲಿ ಅಂಥ ಆರು ಹೊಸ ಪೆಟ್ಟಿಗೆಗಳು ಪ್ಲಾಸ್ಟಿಕ್ ಹೊದ್ದುಕೊಂಡು ಕೂತಿದ್ದವು.

"ಏನೇ, ನಿನ್ನ ಫ್ಯಾನ್ ತಿರುಗತ್ತೋ, ಇಲ್ಲ ನಾನೇ ಬೀಸಣಿಗೆ ಹಿಡ್ಕೊಂಡು ನಿಂತ್ಕೊಳ್ಳಲಾ?" ಎಂದು ಅಕ್ಕ ಬೆಳಿಗ್ಗೆಯೇ ಫೋನ್ ಮಾಡಿದ್ದಳು. "ಹಳೇ ಪೆಟ್ಟಿಗೇಲಿ ಎರಡೆರಡು ಮಕ್ಕಳನ್ನ ಮಲಗಿಸಿದೀನಿ ಕಣೆ. ಒಂದರ ಕಾಲು ಇನ್ನೊಂದರ ಬಾಯಲ್ಲಿ."

ಅಧ್ಯಕ್ಷರು ಅವಳ ಕಾಗದವನ್ನು ಮಾದರಿಯ ಪಕ್ಕದಲ್ಲಿಟ್ಟರು.

"ಏನಮ್ಮಾ, ಸಾಧನ ಕೆಟ್ಟಾಗ ಕರ್ನಲ್‌ಗೆ ಸುದ್ದಿ ಮುಟ್ಟಿಸೋ ತಂತಿ ಮಾದರಿಯಲ್ಲಿ ಎರಡಿದೆ. ನಿಮ್ಮದರಲ್ಲಿ ಒಂದೇ."

"ನನ್ನ ಫ್ಯಾನಿಗೆ ಇರೋದೇ ಒಂದು ಸಾರ್."

"ಇರೋದನ್ನೇ ಬರೆಯೋದಾದ್ರೆ ಮಾದರಿ ಯಾಕೆ ಬೇಕಿತ್ತು?"

"ಹೋದ ಸಲ ಮಾದರಿ ನೋಡ್ಕೊಂಡು ಎರಡು ಅಂತಲೇ ಬರೆದಿದ್ದೆ. ಇಲ್ಲದ್ದನ್ನ ಬರೆದಿದ್ದೀರಿ ಅಂತ ವಾಪಸ್ ಕಳಿಸಿದ್ರಿ."

"ಹೌದು. ಅದೂ ತಪ್ಪೇ."

ಎರಡನೇ ಸದಸ್ಯರು ಸಾಲುಗಳ ಮುಂದಿನ ಖಾಲಿ ಜಾಗವನ್ನು ಮಾತ್ರ ಪರಿಶೀಲಿಸುತ್ತಾರೆ. ಕಚೇರಿಯಲ್ಲಿ ಅವರಿಗೆ 'ಖಾಲಿಜಾಗ' ಎಂದೇ ಹೆಸರು. "ಏಳನೇ ಸಾಲಿನ ಮುಂದೆ ಎರಡು ಬಿಟ್ಟಿದ್ದೀರಿ. ನಾಲ್ಕು ಬಿಡಬೇಕು" ಎಂದರು.

"ಬಿಡ್ತೀನಿ ಸಾರ್. ಫ್ಯಾನ್ ವಿಷಯ?"

"ಅದು ನನ್ನ ವ್ಯಾಪ್ತಿಗೆ ಬರಲ್ಲ."

ಎಂಜಿನಿಯರ್ ಕುರ್ಚಿ ಎಳೆದುಕೊಂಡು ಕೂತಳು. "ಮಾದರಿಯಲ್ಲಿರೋ ಆ ಸಾಧನ ಒಂದ್ಸಲ ತೋರಿಸಿ ಸಾರ್. ಅದನ್ನೇ ನೋಡಿ ಮಾಡ್ತೀನಿ."

ಸಮಿತಿ ಹಳೆಯ ಕಡತ ತರಿಸಿ ನೋಡಿತು. ಮಾದರಿಯನ್ನು ಬರೆದ ಹಿಂದಿನ ಅಧ್ಯಕ್ಷರು, ಯಾವ ಕಂಪನಿಗೂ ಬೇಸರವಾಗದಿರಲಿ ಎಂದು ಇಲ್ಲದ ಕಂಪನಿಯೊಂದರ ಇಲ್ಲದ ಸಾಧನವನ್ನು ವಿವರಿಸಿದ್ದರು. ಅದರ ಮೇಲೆ ಇಂದಿನವರೆಗೆ ಒಂದು ದೂರೂ ಬಂದಿಲ್ಲವೆಂದು ಪ್ರತಿ ವಾರ್ಷಿಕ ವರದಿಯಲ್ಲೂ ಹೆಮ್ಮೆಯಿಂದ ನಮೂದಿಸಲಾಗುತ್ತಿತ್ತು. ಆದರೆ ನಿಯಮ ನಾಲ್ಕು, "ವಿವರಿಸಲಾದ ಸಾಧನವು ಅಸ್ತಿತ್ವದಲ್ಲಿರತಕ್ಕದ್ದು" ಎನ್ನುತ್ತದೆ. ಮಾದರಿಯೇ ನಿಯಮಬಾಹಿರವೆಂಬುದು ಹೀಗೆ ಬೆಳಕಿಗೆ ಬಂತು.

ತುರ್ತು ಸಭೆ ಸೇರಿತು. ಮಾದರಿಯನ್ನು ತಿದ್ದಬಹುದಿತ್ತು. ಆದರೆ ಯಾವ ತಿದ್ದುಪಡಿಯೂ ಮಾದರಿಗೆ ಹೊಂದಿಕೆಯಾಗಿರಬೇಕೆಂಬ ನಿಯಮವಿದ್ದುದರಿಂದ, ಲೋಕವನ್ನು ತಿದ್ದುವುದು ಸುಲಭವೆಂದು ತೀರ್ಮಾನವಾಯಿತು. ಮರುದಿನ ಗೋಡೆಗೆ ಪ್ರಕಟಣೆ ಬಿತ್ತು:

"ಸಮಸ್ತ ತಯಾರಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಮಾದರಿಯಲ್ಲಿ ವಿವರಿಸಲಾದ ಸಾಧನವು ಈಗಾಗಲೇ ಮಂಜೂರಾಗಿರುತ್ತದೆ. ಸದರಿ ಸಾಧನವನ್ನು ಹೊಂದಿರುವವರು ಏಳು ದಿನಗಳೊಳಗೆ ಹಾಜರುಪಡಿಸತಕ್ಕದ್ದು. ಹೊಂದಿಲ್ಲದವರು, ಹೊಂದಿಲ್ಲದಿರುವುದಕ್ಕೆ ಸಮಜಾಯಿಷಿ ನೀಡತಕ್ಕದ್ದು."

ಎಂಜಿನಿಯರ್ ಅದನ್ನು ಎರಡು ಸಲ ಓದಿದಳು. ವರ್ಕ್‌ಶಾಪಿಗೆ ಹೋಗಿ ಫ್ಯಾನಿಗೆ ಇನ್ನೊಂದು ತಂತಿ ಬೆಸೆದಳು. ಇಲ್ಲದ ಕಂಪನಿಯ ಹೆಸರಿನ ಚೀಟಿ ಅಂಟಿಸಿ, ಹನ್ನೆರಡನೇ ಸಲ ಮೆಟ್ಟಿಲು ಹತ್ತಿದಳು.

"ಇದೇ ಸಾರ್, ಆ ಸಾಧನ."

ಅಧ್ಯಕ್ಷರು ಕನ್ನಡಕ ಹಾಕಿಕೊಂಡು ತಂತಿ ಎಣಿಸಿದರು. ಒಂದು. ಎರಡು. "ಈ ಎರಡನೆಯದು ಏನು ಮಾಡತ್ತೆ?"

"ಏನೂ ಮಾಡಲ್ಲ ಸಾರ್."

"ಮಾದರಿಯಲ್ಲೂ ಹಾಗೇ ಇದೆ." ಅವರು ಆ ತಂತಿಯನ್ನು ಪ್ರೀತಿಯಿಂದ ಸವರಿದರು. ಆಮೇಲೆ ಅನುಮಾನ ಬಂದು, "ಇದು ತಿರುಗತ್ತಾ?" ಎಂದರು.

"ಸ್ವಲ್ಪ ತಿರುಗತ್ತೆ ಸಾರ್."

"ತಿರುಗಬಾರದು ಅಂತ ಎಲ್ಲೂ ಬರೆದಿಲ್ಲ, ಬಿಡಿ."

ನಾಲ್ಕು ನಿಮಿಷದಲ್ಲಿ ಮಂಜೂರಾಯಿತು. ಅದರಲ್ಲಿ ಮೂರು ನಿಮಿಷ ಖಾಲಿ ಜಾಗ ಎಣಿಸಲು ಹಿಡಿಯಿತು.

ಸುದ್ದಿ ಹಬ್ಬಿತು. ತಿಂಗಳೊಳಗೆ ತಕ್ಕಡಿ, ಕ್ಯಾಮೆರಾ, ಬಾಗಿಲಿನ ಬೀಗ ಎಲ್ಲವೂ ಅದೇ ಇಲ್ಲದ ಕಂಪನಿಯ ಹೆಸರಿನಲ್ಲಿ ಮಂಜೂರಾದವು. ಕೆಲಸಕ್ಕೆ ಬಾರದ ತಂತಿಯಲ್ಲೂ ಕಳಪೆ ಮಾಲು ಬರುತ್ತಿದೆಯೆಂದು ಸಮಿತಿ ಕಳವಳ ವ್ಯಕ್ತಪಡಿಸಿ, ಪ್ರಮಾಣೀಕೃತ ತಂತಿಯನ್ನೇ ಬಳಸಬೇಕೆಂದು ವಿಧಿಸಿತು. ಅಧ್ಯಕ್ಷರ ಭಾವಮೈದುನ ಅಂಥ ತಂತಿಯ ಕಾರ್ಖಾನೆಯನ್ನು ಹಿಂದಿನ ವಾರವೇ ತೆರೆದಿದ್ದುದು ಎಲ್ಲರಿಗೂ ಅನುಕೂಲವಾಯಿತು.

ಆಸ್ಪತ್ರೆಯ ಆರೂ ಪೆಟ್ಟಿಗೆಗಳು ಶುರುವಾದವು. ಮಕ್ಕಳು ಕಾಲು ಚಾಚಿ ಮಲಗಿದವು. ಮೂರನೇ ದಿನ ಸಮಿತಿ ಸ್ಥಳಪರಿಶೀಲನೆಗೆ ಬಂದು, ಮೊದಲ ಪೆಟ್ಟಿಗೆಯನ್ನು ಮಾದರಿಯೊಂದಿಗೆ ಸಾಲುಸಾಲಾಗಿ ತಾಳೆ ನೋಡಿತು.

"ಮಾದರಿ ಪ್ರಕಾರ ಇಲ್ಲಿ ಏನೂ ಇರಬಾರದು" ಎಂದರು ಅಧ್ಯಕ್ಷರು. "ಇದರಲ್ಲಿ ಏನೋ ಇದೆ."

"ಮಗು ಸಾರ್" ಎಂದಳು ಅಕ್ಕ.

"ವಿವರಣೆ ಸಲ್ಲಿಸಿದ್ದೀರಾ?"

"ಹುಟ್ಟಿ ಎರಡು ದಿನ ಆಯ್ತು. ಹೆಸರೇ ಇಟ್ಟಿಲ್ಲ."

"ಹಾಗಾದ್ರೆ ತೆಗೀಬೇಕಾಗತ್ತೆ."

"ಮುಟ್ಟಿ ನೋಡಿ" ಎಂದಳು ಅಕ್ಕ, ಡ್ರೆಸಿಂಗಿಗೆ ಹತ್ತಿ ಕೇಳುವಷ್ಟು ಸಹಜವಾದ ದನಿಯಲ್ಲಿ.

ಸಮಿತಿ ಕಾರಿಡಾರಿನಲ್ಲಿ ನಿಂತು ಸಮಾಲೋಚಿಸಿತು. ಮುಂದೆ ಏನಾಗುವುದೆಂದು ಇನ್ನೂ ನಿಗದಿಯಾಗದ ಸ್ಥಾನಗಳಿಗೆ ನಿಯಮದಲ್ಲಿ ಅವಕಾಶವಿದೆಯೆಂದು ಖಾಲಿಜಾಗ ಅವರೇ ಹುಡುಕಿ ತೋರಿಸಿದರು. ಆರೂ ಪೆಟ್ಟಿಗೆಗಳಿಗೆ ಮೊಹರು ಒತ್ತಿದ ಚೀಟಿ ಅಂಟಿಸಲಾಯಿತು: "ಮುಂದಿನ ಬಳಕೆಗೆ ಕಾಯ್ದಿರಿಸಲಾಗಿದೆ."

ಸಂಜೆ ಮಗುವಿನ ಅಜ್ಜಿ ಬಂದು ಚೀಟಿಯನ್ನು ನಿಧಾನವಾಗಿ ಓದಿದರು.

"ಸರಿಯಾಗೇ ಬರೆದಿದ್ದಾರೆ" ಎಂದರು. "ಇಂಥದ್ದು ಇನ್ನೊಂದಿದ್ರೆ ಕೊಡಮ್ಮ, ಇದರ ಅಪ್ಪಂಗೂ ಅಂಟಿಸ್ತೀನಿ."

ಸಮಿತಿ ಬಿಟ್ಟುಹೋಗಿದ್ದ ಚೀಟಿಗಳಲ್ಲಿ ಅಕ್ಕ ಎರಡು ಕೊಟ್ಟಳು.