ಮೂರು ಗಡಿಯಾರಗಳ ಬಹುಮತ

ಕಾನ್ವೆಂಟ್ ಅಂದರೆ ಹೇಗಿರಬೇಕು? ಮಂಡಿಯ ತನಕ ಕಾಲುಚೀಲ, ಕತ್ತು ಬಿಗಿಯುವ ಟೈ, ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುವ ಸಿಸ್ಟರು, ತಡವಾಗಿ ಬಂದವರಿಗೆ ಬಿಸಿಲಲ್ಲಿ ಮೈದಾನ ಸುತ್ತುವ ಭಾಗ್ಯ. ಬೆಂಗಳೂರಿನಲ್ಲಿ ಇದೆಲ್ಲವನ್ನೂ ಅನುಭವಿಸಿ ಉದ್ಧಾರವಾಗಿದ್ದ ಹಯವದನ, ಸ್ವೀಡನ್ನಿನ ಮೋಲ್ನ್‌ಡಾಲ್‌ನಲ್ಲಿ ಇಂಗ್ಲೆಂಡಿನ ಚರ್ಚಿನವರ ಪ್ರಾಥಮಿಕ ಶಾಲೆಯೊಂದಿದೆ ಎಂದು ಗೊತ್ತಾದ ಕೂಡಲೇ ಮಗಳು ಸಂಹಿತಾಳನ್ನು ಅಲ್ಲಿಗೆ ಸೇರಿಸಿದ್ದ. ಸೇರಿಸಿ ನೋಡಿದರೆ ಅಲ್ಲಿ ಇದ್ದದ್ದು ಬರೀ ಕೆಸರು! ಮಕ್ಕಳು ಅದರಲ್ಲಿ ಹೊರಳಾಡಿ ಬಂದು ಹಾಗೇ ಪ್ರಾರ್ಥನೆಗೆ ಕೂರುತ್ತಿದ್ದರು. ಮುಖ್ಯೋಪಾಧ್ಯಾಯಿನಿಯನ್ನು ಎರಡನೇ ಕ್ಲಾಸಿನ ಚಿಳ್ಳೆಪಿಳ್ಳೆಗಳು "ಗುನಿಲ್ಲಾ" ಎಂದು ಹೆಸರು ಹಿಡಿದು ಕರೆಯುತ್ತಿದ್ದವು. ರ‍್ಯಾಂಕ್ ಇಲ್ಲ, ಹೋಂವರ್ಕ್ ಇಲ್ಲ. ಗೋಡೆಯ ಮೇಲೆ ಮಾತ್ರ ದೊಡ್ಡ ಅಕ್ಷರಗಳಲ್ಲಿ ಶಾಲೆಯ ಧ್ಯೇಯ: ದಯೆ, ಸತ್ಯ, ಕ್ಷಮೆ.

"ಶಿಸ್ತು ಎಲ್ಲಿ ರಜನಿ? ಆ ಪದವೇ ಇಲ್ವಲ್ಲೇ!"

"ಇರೋ ಮೂರೇ ಸಾಕು ಬಿಡ್ರೀ. ಮನೇಲಿ ನನಗೆ ಅಷ್ಟೂ ಸಿಗ್ತಿಲ್ಲ," ಎಂದಳು ಆಸ್ಪತ್ರೆಯಲ್ಲಿ ಸಂಶೋಧಕಿಯಾಗಿದ್ದ ಹೆಂಡತಿ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

ಅಂಥವರಿಗೆ ಹೇಳಿ ಪ್ರಯೋಜನವಿಲ್ಲ, ಮಾಡಿ ತೋರಿಸಬೇಕು ಎಂದುಕೊಂಡು ಹಯವದನ ಶಾಲೆಯ ಆಡಳಿತ ಮಂಡಳಿಯ ಚುನಾವಣೆಗೆ ನಿಂತ. ಪೋಷಕರ ಪರವಾಗಿ 'ಗವರ್ನರ್' ಎಂದು ಅವಿರೋಧವಾಗಿ ಆರಿಸಿಯೂ ಬಂದ. (ಬೇರೆ ಯಾರೂ ನಿಂತಿರಲೇ ಇಲ್ಲ ಎಂಬ ಕ್ಷುಲ್ಲಕ ಸಂಗತಿಯನ್ನು ಅವನು ಯಾರಿಗೂ ಹೇಳಲಿಲ್ಲ.) ಬಸವನಗುಡಿಯಲ್ಲಿದ್ದ ಅವನಮ್ಮ, ಮಗ ಸ್ವೀಡನ್ನಿನಲ್ಲಿ ಗವರ್ನರ್ ಆದ ಎಂದು ಬೀದಿಗೆಲ್ಲ ಮೈಸೂರುಪಾಕು ಹಂಚಿದರು.

ಮೊದಲ ಸಭೆಯಲ್ಲೇ ಗವರ್ನರ್ ಸಾಹೇಬರು ಘೋಷಿಸಿದರು: ಮಗು ತಡವಾಗಿ ಬಂದರೆ ಅದರ ಅಪ್ಪನೋ ಅಮ್ಮನೋ ಬೆಳಗಿನ ಸಭೆಯಲ್ಲಿ ಎಲ್ಲರೆದುರು ನಿಂತು ಕಾರಣ ಹೇಳತಕ್ಕದ್ದು!

ಸಭೆ ಒಂದು ಕ್ಷಣ ಕಾಫಿ ಕುಡಿಯುವುದನ್ನು ಮರೆಯಿತು. ಅಧ್ಯಕ್ಷರಾಗಿದ್ದ ಪಾದ್ರಿಗಳು ಕನ್ನಡಕ ಒರೆಸಿಕೊಂಡು, "ಹೇಳಿಬಿಟ್ಟರು ಅಂತಿಟ್ಟುಕೊಳ್ಳಿ. ಆಮೇಲೆ ನಾವೇನು ಮಾಡಬೇಕು?" ಎಂದರು.

"ನಮ್ಮ ಧ್ಯೇಯದಲ್ಲೇ ಇದೆಯಲ್ಲ," ಎಂದಳು ಗುನಿಲ್ಲಾ. "ಎಲ್ಲರೂ ಸೇರಿ ಅವರನ್ನು ಕ್ಷಮಿಸೋಣ. ಮತ್ತೆ ತಡವಾಗದ ಹಾಗೆ ಅವರಿಗೆ ನೆರವಾಗೋ ಜವಾಬ್ದಾರೀನ ಯಾರಾದರೂ ಒಬ್ಬರು ಹೊರಲಿ."

ಒಗ್ಗರಣೆ ಹಾಕಿದರೆ ಹಾಕಲಿ, ಸಾರು ತನ್ನದು ತಾನೇ ಎಂದು ಹಯವದನ ಒಪ್ಪಿದ. ಬರುವ ಸೋಮವಾರ ನಿಯಮವನ್ನು ಮಕ್ಕಳೆದುರು ಅವನೇ ಉದ್ಘಾಟಿಸುವುದೆಂದೂ, ಸರಿಹೋದರೆ ಮಂಡಳಿ ಅದನ್ನು ಕಾಯಂ ಮಾಡುವುದೆಂದೂ ತೀರ್ಮಾನವಾಯಿತು. ಖಾಲಿ ಬಿದ್ದಿದ್ದ ಉಪಾಧ್ಯಕ್ಷರ ಕುರ್ಚಿ ಆಗಲೇ ಅವನನ್ನು ಕೈಬೀಸಿ ಕರೆಯತೊಡಗಿತ್ತು.

ಮನೆಯಲ್ಲಿ ಮಾತ್ರ ಸಂಹಿತಾ ಮುಖ ಊದಿಸಿಕೊಂಡಳು. "ಅಪ್ಪಾ, ಸೆಲ್ಮಾ ಡೈಲಿ ಲೇಟ್. ಅವಳ ಮಮ್ಮಾಗೆ ನೈಟ್ ಡ್ಯೂಟಿ, ಹಾಸ್ಪಿಟಲ್‌ನಿಂದ ಬಂದು ಅವಳನ್ನ ರೆಡಿ ಮಾಡ್ಬೇಕು. ಅವಳ ಮಮ್ಮಾನ ಯಾಕೆ ನಿಲ್ಲಿಸ್ತೀಯಾ? ಇಟ್ಸ್ ಮೀನ್!"

"ರೂಲ್ ಅಂದ್ರೆ ರೂಲ್ ಪುಟ್ಟಿ. ಗವರ್ನರೇ ಆದ್ರೂ ಒಂದೇ."

"ಸೆಲ್ಮಾ ಅತ್ರೆ ನಾನು ನಿನ್ ಜೊತೆ ಟೂ!" ಎಂದು ಬಾಗಿಲು ಹಾಕಿಕೊಂಡಳು. ಹಯವದನನಿಗೆ ಎದೆಯಲ್ಲಿ ಚುರುಕ್ ಎಂದಿತು, ನಿಜ. ಆದರೆ ದೊಡ್ಡವಳಾದ ಮೇಲೆ ಇದರ ಬೆಲೆ ತಿಳಿಯುತ್ತೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಆ ವಾರಾಂತ್ಯ ರಜನಿ ಕೆಲಸದ ಮೇಲೆ ದೂರದ ಫ್ಲೆಮಿಂಗ್ಸ್‌ಬೆರ್ಯ್ ಎಂಬ ಊರಿಗೆ ಹೋದಳು. ಮಾರ್ಚ್ ಕೊನೆಯ ಭಾನುವಾರ ಈ ದೇಶದಲ್ಲಿ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಬೇಸಿಗೆಗೆ ಅಣಿಯಾಗುತ್ತಾರೆ. ಹಯವದನನ ಮನೆಯಲ್ಲಿ ಗಡಿಯಾರ, ಕಸ, ಮಕ್ಕಳ ಲಸಿಕೆ ಇವೆಲ್ಲ ರಜನಿಯ ಖಾತೆ. ಎಷ್ಟು ಹೊತ್ತಿಗೆ ಹೋದರೂ ನಡೆಯುವ ಔಷಧಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಈ ಮಹಾನುಭಾವ, ಅಂಥದ್ದೊಂದು ಪದ್ಧತಿ ಇದೆಯೆಂಬುದನ್ನೇ ತಲೆಗೆ ಹಾಕಿಕೊಂಡಿರಲಿಲ್ಲ. ಭಾನುವಾರ ಅವಳು ಫೋನಿನಲ್ಲಿ, "ರೀ, ಗಡಿಯಾರ ಸರಿ ಮಾಡ್ಕೊಳ್ಳಿ, ಮರೀಬೇಡಿ" ಎಂದಾಗ ಇವನು ಕ್ರಿಕೆಟ್ ನೋಡುತ್ತ "ಹೂಂ ಹೂಂ" ಎಂದಿದ್ದ.

ಆದರೆ ಪಂದ್ಯದ ಮಧ್ಯದಲ್ಲಿ ಒಂದು ಸಲ ಅವನಿಗೇ ಅನುಮಾನ ಬಂತು. ಮೊಬೈಲ್ ನಾಲ್ಕೂವರೆ ತೋರಿಸುತ್ತಿದೆ. ಮದುವೆಯಲ್ಲಿ ಮಾವ ಕೊಟ್ಟ, ಕೀಲಿ ಕೊಡುವ ಎಚ್‌ಎಂಟಿ ವಾಚು ಮೂರೂವರೆ ತೋರಿಸುತ್ತಿದೆ! ಗವರ್ನರ್ ತಕ್ಷಣ ವಿಚಾರಣೆಗೆ ಕೂತ. ಗೋಡೆ ಗಡಿಯಾರ: ಮೂರೂವರೆ. ಅಡುಗೆಮನೆಯ ಓವನ್: ಮೂರೂವರೆ. ಸಾಲದ್ದಕ್ಕೆ, ಭಾರತದಲ್ಲಿ ಏಳೂವರೆಗೆ ಶುರುವಾಗುವ ಪಂದ್ಯ, ನಾಲ್ಕೂವರೆ ಗಂಟೆ ಕಳೆದು ಇಲ್ಲಿ ಇದೇ ಗೋಡೆ ಗಡಿಯಾರದಲ್ಲಿ ಎಂದಿನಂತೆ ಸರಿಯಾಗಿ ಮೂರಕ್ಕೇ ಶುರುವಾಗಿತ್ತು. ಇನ್ನೇನು ಸಾಕ್ಷಿ ಬೇಕು?

"ಮೂರಕ್ಕೆ ಒಂದು. ಬಹುಮತದಿಂದ ಮೊಬೈಲ್ ವಜಾ," ಎಂದು ತೀರ್ಪು ಕೊಟ್ಟು, "ಹಾಳು ಅಪ್‌ಡೇಟ್‌ಗಳು" ಎಂದು ಬೈದು ಅದನ್ನು ಡ್ರಾಯರಿಗೆ ತಳ್ಳಿದ.

ಸೋಮವಾರ ಎಂಟೂವರೆಯ ಸಭೆಗೆ ತಂದೆ ಮಗಳು ಎಂಟು ಹತ್ತಕ್ಕೇ ಶಾಲೆ ಮುಟ್ಟಿದರು. (ವಾಚಿನ ಪ್ರಕಾರ.) ಇಸ್ತ್ರಿ ಹಾಕಿದ ಕೋಟು, ಜೇಬಿನಲ್ಲಿ ಭಾಷಣ. ಅಂಗಳದಲ್ಲಿ ನರಪಿಳ್ಳೆ ಇಲ್ಲ.

"ನೋಡಿದ್ಯಾ ಪುಟ್ಟಿ, ಒಬ್ಬರಾದ್ರೂ ಬಂದಿದಾರಾ? ನಾವೇ ಫಸ್ಟು! ಇದಕ್ಕೇ ನಾನು ಬಡ್ಕೊಳ್ಳೋದು."

"ಅಪ್ಪಾ, ಒಳಗೆ ಹಾಡು ಕೇಳ್ತಿದೆ."

"ಯಾರೋ ಪ್ರಾಕ್ಟೀಸ್ ಮಾಡ್ತಿರ್ಬೇಕು, ಬಾ."

ಬಾಗಿಲು ತಳ್ಳಿದ. ಇಡೀ ಶಾಲೆ ತಿರುಗಿ ನೋಡಿತು. ಭಾಷಣಕಾರರು ಬಾರದೆ ಮಕ್ಕಳು ಹಾಡಿದ್ದನ್ನೇ ಹಾಡಿ ಹಾಡಿ ಸುಸ್ತಾಗಿದ್ದರು. ಹೊಸ ನಿಯಮಕ್ಕೆ ಹೆದರಿ ಅಂದು ಎಲ್ಲರಿಗಿಂತ ಮೊದಲು ಬಂದಿದ್ದ ಸೆಲ್ಮಾ ಮುಂದಿನ ಸಾಲಿನಲ್ಲಿ ಕಾಲಾಡಿಸುತ್ತ ಕೂತಿದ್ದಳು. ಅವಳ ತಲೆಯ ಮೇಲಿದ್ದ ಶಾಲೆಯ ಗಡಿಯಾರದಲ್ಲಿ ಒಂಬತ್ತು ಹತ್ತು.

ಗುನಿಲ್ಲಾ ಅಕ್ಕರೆಯಿಂದಲೇ ಕೇಳಿದಳು, "ಸಂಹಿತಾಳ ಅಪ್ಪ, ಏನಾಯಿತು ಹೇಳುತ್ತೀರಾ?"

ಗೋಡೆಯ ಮೇಲಿನ 'ಸತ್ಯ' ಅವನನ್ನೇ ದಿಟ್ಟಿಸುತ್ತಿತ್ತು. ಹೇಳಿದ. ವಾಚು, ಓವನ್, ಬಹುಮತ ಎಲ್ಲವನ್ನೂ ಹೇಳಿದ. "ಆದರೆ ನಿನ್ನೆಯಿಂದ ಬೇಸಿಗೆ ಟೈಮು!" ಎಂದು ಒಂದನೇ ಕ್ಲಾಸಿನ ಪೋರನೊಬ್ಬ ಕಿರುಚಿದ. ಸಭಾಂಗಣ ನಕ್ಕು ನಕ್ಕು ಬಿದ್ದಿತು. ಸೆಲ್ಮಾಳ ಅಮ್ಮ ರಾತ್ರಿಯೆಲ್ಲ ದುಡಿದು ಬಂದು ಇಲ್ಲಿ ನಿಲ್ಲಬೇಕಾಗಿತ್ತಲ್ಲ ಎಂದು ಆಗ ಹೊಳೆದು, ನಾಚಿಕೆಯಿಂದ ಹಯವದನನಿಗೆ ತಲೆ ಎತ್ತಲಾಗಲಿಲ್ಲ.

"ಸಂಹಿತಾಳ ಅಪ್ಪಾ, ನಿಮ್ಮನ್ನು ಕ್ಷಮಿಸಿದ್ದೇವೆ!" ಎಂದು ಮಕ್ಕಳು ಸೂರು ಹಾರುವಂತೆ ಕೂಗಿದರು. "ಇನ್ನು ಇವರಿಗೆ ಯಾರು ನೆರವಾಗುತ್ತೀರಿ?" ಎಂದು ಪಾದ್ರಿಗಳು ಕೇಳುವಷ್ಟರಲ್ಲಿ ಸೆಲ್ಮಾಳ ಕೈ ಮೇಲೆದ್ದಿತ್ತು.

"ನಾನು! ಲೇಟಾಗೋದು ಹೇಗೆ ಅಂತ ನನಗೆ ಚೆನ್ನಾಗಿ ಗೊತ್ತು. ದಿನಾ ಬೆಳಿಗ್ಗೆ ಫೋನ್ ಮಾಡಿ ಎಬ್ಬಿಸ್ತೀನಿ."

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ಸಂಹಿತಾ.

ಅಂದು ಸಂಜೆಯೇ ಮಂಡಳಿ ಸೇರಿತು. "ಈ ನಿಯಮ ಬೇಡವೇ ಬೇಡ, ರದ್ದು ಮಾಡಿ," ಎಂದು ಹಯವದನ ಗೋಗರೆದ. "ಛೆ ಛೆ, ನಮ್ಮ ಧ್ಯೇಯ ಇಷ್ಟು ಚೆನ್ನಾಗಿ ಯಾವತ್ತೂ ಜಾರಿಗೆ ಬಂದಿರಲಿಲ್ಲ!" ಎಂದರು ಪಾದ್ರಿಗಳು. ಮತಕ್ಕೆ ಹಾಕಿದರು. ಒಬ್ಬನನ್ನು ಬಿಟ್ಟು ಉಳಿದವರೆಲ್ಲರ ಕೈ ಮೇಲೆದ್ದಿತು. ಉಪಾಧ್ಯಕ್ಷರ ಕುರ್ಚಿಯ ಮಾತನ್ನು ಯಾರೂ ಎತ್ತಲಿಲ್ಲ.

ಮಂಗಳವಾರ ಬೆಳಿಗ್ಗೆ ಆರೂವರೆ. ಡ್ರಾಯರಿನೊಳಗಿಂದ, ವಜಾ ಆಗಿದ್ದ ಮೊಬೈಲ್ ಅಬ್ಬರಿಸತೊಡಗಿತು. ಹಯವದನ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡ. ಹಿಂದಿನ ದಿನವಷ್ಟೇ ಫ್ಲೆಮಿಂಗ್ಸ್‌ಬೆರ್ಯ್‌ನಿಂದ ಬಂದಿದ್ದ ರಜನಿ ಎದ್ದು ಫೋನ್ ತಂದು, ಸಂಹಿತಾ ಅದರಲ್ಲಿ ಹಾಕಿಟ್ಟಿದ್ದ ಸೆಲ್ಮಾಳ ಹೆಸರು ನೋಡಿ, ಅವನ ಹೊದಿಕೆ ಸರಿಸಿದಳು.

"ಎತ್ರೀ ಬೇಗ. ನಿಮ್ಮ ಗವರ್ನರ್ ಫೋನ್ ಮಾಡ್ತಿದಾರೆ."