ಹೊಸ್ತಿಲ ಮೇಲಿಟ್ಟ ಹಾಲುಮಣಿ

ಕಳೆದ ಆಷಾಢದ ಒಂದು ಬೆಳಿಗ್ಗೆ, ತೆಲಿಗಿಯ ಬಸ್ಸು ಬರುವ ಮುಂಚೆ, ಚಿಗಟೇರಿಯ ನಮ್ಮ ಮನೆಯ ತಲೆಬಾಗಿಲ ಒಳಗಡೆ, ಎಡಗೈಯಿಂದ ಚೌಕಟ್ಟು ಹಿಡಿದು ನಾನು ನಿಂತಿದ್ದೆ. ಬಲಗೈ ಎಲ್ಲಿತ್ತು ಎಂಬುದರ ಬಗ್ಗೆ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ. ಅದಕ್ಕೇ ಕಂಡದ್ದನ್ನು ಕಂಡಂತೆ ಬರೆಯುತ್ತಿದ್ದೇನೆ.

ನನ್ನ ದೊಡ್ಡವ್ವ ಗಂಗವ್ವನ ಬಳಿ ದಾರದಲ್ಲಿ ಪೋಣಿಸಿದ ಹಳೆಯ ಗಾಜಿನ ಮಣಿಯೊಂದಿದೆ. ಕಪ್ಪು ಮೈ, ಬಿಳಿ ಗೀರು. ಎದೆಹಾಲು ಇಳಿಯದ ಬಾಣಂತಿಯರಿಗೆ ಕಟ್ಟಲು ಒಯ್ಯುತ್ತಾರೆ. ಹಾಲುಮಣಿ ಎಂದೇ ಅದರ ಹೆಸರು. ಅದನ್ನು ಕೈಯಿಂದ ಕೈಗೆ ಕೊಡುವಂತಿಲ್ಲ. ಹೊಸ್ತಿಲ ಮೇಲಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಎತ್ತಿಕೊಂಡವರದೇ ಮಣಿ, ಕೂಸಿನ ಹೊಟ್ಟೆ ತುಂಬುವವರೆಗೆ.

ಹಳೆಯ ಮಣಿಗಳ ಮೂಲ ಹುಡುಕುವ ಮೇಡಂ ಒಬ್ಬರು ಅಂದು ಬಂದಿದ್ದರು. ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ, "ಹಿಂದಿನ ಕಾಲದ ಇಸ್ಲಾಮೀ ನಾಡುಗಳ ಗಾಜು ಇರಬಹುದು, ಹಡಗಿನಲ್ಲಿ ಬಂದದ್ದು. ಪರೀಕ್ಷೆ ಮಾಡಿದರೆ ಎಲ್ಲಿಯದೆಂದು ತಿಳಿಯುತ್ತದೆ. ಒಂದು ತಿಂಗಳ ಮಟ್ಟಿಗೆ ಕೊಡಿ" ಎಂದರು. ಶಾಲೆ ಮಾಸ್ತರನಾದ ನನಗೆ ಮೈ ಜುಮ್ಮೆಂದಿತು. ನಮ್ಮ ಮನೆತನದ ಹೆಸರು ಹರಪನಹಳ್ಳಿ ದಾಟಿದ್ದಿಲ್ಲ. ಮಣಿಯ ಬೆನ್ನು ಹತ್ತಿಯಾದರೂ ದಾಟಲಿ ಎಂದು ಅದನ್ನು ಪದ್ಧತಿಯಂತೆ ಹೊಸ್ತಿಲ ಮೇಲಿಟ್ಟೆ. ಪದ್ಧತಿ ಗೊತ್ತಿಲ್ಲದ ಮೇಡಂ, ನಾನೇ ಎತ್ತಿ ಕೊಡುತ್ತೇನೆಂದು ಅಂಗೈ ಚಾಚಿ ಕಾದರು.

ಅಷ್ಟರಲ್ಲಿ ಎದುರು ಮನೆಯ ಬೂಬವ್ವ ಬಂದು ಮಣಿ ಎತ್ತಿಕೊಂಡರು. ಅವರ ಮಗಳು ಹಡೆದಿದ್ದಳು, ಹಾಲು ಇಳಿದಿರಲಿಲ್ಲ. ರಾತ್ರಿಯಿಂದ ಕೂಸಿನ ಅಳು ನಮ್ಮ ಪಡಸಾಲೆಗೂ ಕೇಳುತ್ತಿತ್ತು.

"ಬೂಬವ್ವ, ತಡೀರಿ. ಅದು ನಿಮ್ಮೋರ ನಾಡಿಂದ ಬಂದಿದ್ದಂತ. ಪರೀಕ್ಷೆಗೆ ಹೋಗ್ಬೇಕು" ಎಂದೆ.

"ನಮ್ಮೋರ ನಾಡು ಚಿಗಟೇರಿ ಅಲ್ಲೇನ್ರಿ ಮಾಸ್ತರ್ರ? ಅರಬಸ್ಥಾನ ನನಗ ಯಾರು ತೋರ್ಸ್ಯಾರ? ಕೂಸು ಹಸ್ದು ಬಾಯಿ ಬಿಡಾಕತ್ತೈತಿ, ನೀವು ಮಣಿ ಊರು ಕೇಳ್ತೀರಲ್ಲ!"

"ಲೇ, ಎತ್ತಿಕೊಂಡಾಕಿನ್ನ ತಡೀಬ್ಯಾಡ!" ಎಂದು ದೊಡ್ಡವ್ವ ಪಡಸಾಲೆಯಿಂದ ಕೂಗಿದಳು.

ಆಗ ದಾರ ಹರಿಯಿತು. ಮಣಿ ಕಲ್ಲಿನ ಮೆಟ್ಟಿಲಿಗೆ ಬಿತ್ತು. ಸದ್ದು ಬಹಳ ಸಣ್ಣದು. ಇಂದಿಗೂ ನನ್ನ ಕಿವಿಯಲ್ಲಿದೆ. ಎಷ್ಟು ತಾಯಂದಿರ ಕೊರಳು ಕಂಡ ಮಣಿಯೋ ಅದು. ಎದುರು ಮನೆಯಲ್ಲಿ ಕೂಸು ಅಳುತ್ತಲೇ ಇತ್ತು.

ಎತ್ತಿ ನೋಡಿದರೆ ಅಂಚಿನಲ್ಲಿ ಸಾಸಿವೆಯಷ್ಟು ಚೂರು ಹಾರಿತ್ತು, ಅಷ್ಟೇ. ಮೇಡಂ ಮಂಡಿಯೂರಿ ಆ ಚೂರನ್ನು ಕಾಗದಕ್ಕೆ ತೆಗೆದುಕೊಂಡು, "ನನಗೆ ಇಷ್ಟೇ ಸಾಕು" ಎಂದರು. ಬೂಬವ್ವ ಮಣಿಯನ್ನು ಸೆರಗಿಗೆ ಕಟ್ಟಿಕೊಂಡು ಓಡಿದರು.

ಸಂಜೆ ನರ್ಸಮ್ಮ ಬಂದು ಕೂಸಿಗೆ ಮೊಲೆ ಹಿಡಿಸುವುದನ್ನು ತೋರಿಸಿಕೊಟ್ಟರು, ಮಣಿಯೂ ಕೊರಳಲ್ಲಿತ್ತು. ಅಳು ನಿಂತಿತು. ಗಾಜು ಕಡಲಾಚೆಯದೇ ಎಂದು ಆಮೇಲೆ ಮೇಡಂ ಫೋನು ಮಾಡಿದರು. ಸುದ್ದಿ ಮುಟ್ಟಿಸಿದಾಗ ಬೂಬವ್ವ, "ಪಾಪ, ಅಷ್ಟು ದೂರದಿಂದ ಬಂದೈತಿ, ನಿಮ್ಮ ಕೈಯಾಗ ಒಡೀಲಾಕ" ಎಂದರು.

ದಾರ ಹಳೆಯದಾಗಿತ್ತು ಎಂಬುದು ನನ್ನ ಹೇಳಿಕೆ. ಅದರ ಇನ್ನೊಂದು ತುದಿಯನ್ನು ಹಿಡಿದಿದ್ದ ಬಲಗೈ ಯಾರದೆಂದು ಕಣ್ಣಾರೆ ಕಂಡ ಊರಿನವರು ಗಂಗವ್ವ ಮತ್ತು ಬೂಬವ್ವ. ದೇವರ ದಯದಿಂದ ಇಬ್ಬರೂ ಗಟ್ಟಿಮುಟ್ಟಾಗಿ ಬದುಕಿದ್ದಾರೆ.