ಟರ್ಕಿಯ ದಾಳಿಂಬೆ, ಕೊರಿಯಾದ ಅತ್ತೆ

ಕುಷ್ಟಗಿ ಸುತ್ತಮುತ್ತ ಮನೆಮನೆಗೆ ಇಂಟರ್ನೆಟ್ ಜೋಡಿಸುವುದು ನನ್ನ ಕಸುಬು. ಯಾವ ದೇಶದ ಸೀರಿಯಲ್ಲನ್ನು ಯಾರು, ಯಾಕೆ ನೋಡುತ್ತಾರೆಂದು ದೊಡ್ಡ ಕಂಪನಿಯವರು ತಲೆ ಕೆಡಿಸಿಕೊಳ್ಳುತ್ತಾರಂತೆ. ನನ್ನ ಜತೆ ನಾಲ್ಕು ಮನೆ ತಿರುಗಿದರೆ ಆ ತಲೆ ಪೂರ್ತಿ ಕೆಡುತ್ತದೆ.

ಹಿಂದಿನ ಗಿಡ ನೋಡು

ದಾಳಿಂಬೆ ತೋಟದ ಗೌಡರೊಬ್ಬರು ಟರ್ಕಿ ಸೀರಿಯಲ್ಲಿಗೆ ಅಂಟಿಕೊಂಡಿದ್ದರು. ನಾನು ಹೋದಾಗ ನಾಯಕಿ ತೋಟದಲ್ಲಿ ನಿಂತು ಗಳಗಳ ಅಳುತ್ತಿದ್ದಳು. ಗೌಡರು ಅಲ್ಲಿಗೇ ಚಿತ್ರ ನಿಲ್ಲಿಸಿ, ಮೂಗು ತಾಗುವಷ್ಟು ಹತ್ತಿರ ಹೋಗಿ ಟಿವಿ ನೋಡತೊಡಗಿದರು.

“ಪಾಪ, ಅಕಿ ಯಾಕ ಅಳಾಕತ್ತಾಳ್ರಿ?” ಅಂದೆ.

“ಅಳ್ಲಿ ಬಿಡೋ ತಮ್ಮಾ. ಹಿಂದಿನ ದಾಳಿಂಬ್ರಿ ಗಿಡ ನೋಡು, ಒಂದು ಕಾಯಿಗೂ ಚುಕ್ಕಿ ರೋಗ ಇಲ್ಲ! ಏನ್ ಔಷಧ ಹೊಡೀತಾರ ಅಂತ ಮೊದಲಿಂದ ಕಾಯಾಕತ್ತೀನಿ, ಬರೇ ಪ್ರೀತಿ ತೋರಿಸ್ತಾರ ಮಕ್ಕಳು!”

ಮುನಿರಾಬಾದಿನ ಹಿಮ

ಮುನಿರಾಬಾದಿನ ನಿವೃತ್ತ ಮಾಸ್ತರರೊಬ್ಬರು ಬೇಸಿಗೆ ಹಿಡಿದರೆ ನಾರ್ವೆ ಚಿತ್ರ ಬಿಟ್ಟು ಬೇರೇನೂ ಹಾಕುವುದಿಲ್ಲ. “ಕಥಿ ತಿಳೀತೈತೇನ್ರಿ ಸರ್?” ಎಂದು ಕೇಳಿದೆ.

“ಕಥಿ ಯಾರಿಗೆ ಬೇಕು? ಎಲ್ಲಿ ನೋಡಿದ್ರ ಅಲ್ಲಿ ಹಿಮ ಐತಲ್ಲ! ನಮ್ಮ ಮನ್ಯಾಗ ಫ್ಯಾನ್ ಕೆಟ್ಟೈತಿ. ಆದ್ರೂ ನಿನ್ನೆ ನಮ್ಮಾಕಿ ನೋಡ್ತಾ ನೋಡ್ತಾ ಕೌದಿ ಹೊಚ್ಕೊಂಡ್ಳು!”

ತಪ್ಪು ಯಾರ್ದು?

ಇದು ನಮ್ಮ ಮನೆಯದೇ. ತಂಗಿಯನ್ನು ನೋಡಲು ಗಂಗಾವತಿಯಿಂದ ಹುಡುಗನ ಕಡೆಯವರು ಬಂದಿದ್ದರು. ಹುಡುಗ ನಮಗೆಲ್ಲ ಒಪ್ಪಿಗೆ, ತಂಗಿಗಂತೂ ಭಾಳ ಒಪ್ಪಿಗೆ. ಹುಡುಗನ ತಾಯಿ ಹೂಂ ಅನ್ನಬೇಕಿತ್ತು, ಅಷ್ಟೇ. ಬಿಗಿಯಾಗಿ ಕುಳಿತಿದ್ದ ಅವರು, ನಮ್ಮ ಟಿವಿಯಲ್ಲಿ ಅರ್ಧಕ್ಕೆ ನಿಲ್ಲಿಸಿದ್ದ ಕೊರಿಯಾ ಸೀರಿಯಲ್ಲು ಕಂಡದ್ದೇ ಅರಳಿ, ಉಪ್ಪಿಟ್ಟಿನ ತಟ್ಟೆ ಕೈಗೆತ್ತಿಕೊಂಡರು.

“ನೀವೂ ಇದನ್ನ ನೋಡ್ತೀರೇನ್ರಿ? ನಾವು ತೆಲುಗಿನ್ಯಾಗ ನೋಡ್ತೀವಿ.”

“ನೋಡದ ಏನ್ರಿ! ಹಿರಿಯರಿಗೆ ತಲಿ ಬಗ್ಗಸ್ತಾರ, ನೆಲಕ್ಕ ಕುಂತು ಉಣ್ತಾರ, ಥೇಟ್ ನಮ್ಮ ಮಂದಿ,” ಅಂದಳು ಅವ್ವ. ಅಷ್ಟಕ್ಕೇ ಸುಮ್ಮನಿರಬಾರದೇ? “ಆದ್ರ ಆ ಅತ್ತಿ ಭಾಳ ಕೆಟ್ಟಾಕಿ ಬಿಡ್ರಿ.”

ಆ ತಾಯಿ ತಟ್ಟೆ ಕೆಳಗಿಟ್ಟರು. “ಅತ್ತೀದು ಏನ್ ತಪ್ಪೈತ್ರಿ? ಆ ಸೊಸೀನ ಜೋರ ಅದಾಳ.”

ಅವ್ವ ಬಿಡುವವಳಲ್ಲ. ಇಬ್ಬರ ದನಿಯೂ ಏರಿತು. ಕೊರಿಯಾದ ಅತ್ತೆ-ಸೊಸೆ ಜಗಳಕ್ಕೆ ಕುಷ್ಟಗಿಯಲ್ಲಿ ಸಂಬಂಧ ಮುರಿಯುತ್ತದಲ್ಲಪ್ಪಾ ಎಂದು ನಾನು ಟಿವಿ ಆರಿಸಲು ರಿಮೋಟ್ ಹುಡುಕತೊಡಗಿದೆ. ಅಷ್ಟರಲ್ಲಿ ಹುಡುಗನ ತಾಯಿ ತಂಗಿಯತ್ತಲೇ ತಿರುಗಿದರು. “ನೀ ಹೇಳವಾ, ತಪ್ಪು ಯಾರ್ದು?”

ತಂಗಿ ತಲೆ ತಗ್ಗಿಸಿದಳು. “ನಾ ಇನ್ನೂ ಅಲ್ಲೀತನಕ ನೋಡಿಲ್ರಿ ಅತ್ತಿ. ನಿಮ್ಮ ಮನಿಗೆ ಬಂದ್ಮ್ಯಾಲೆ ನಿಮ್ಮ ಬಾಜೂಕ ಕುಂತು ನೋಡ್ತೀನ್ರಿ.”

ಆ ತಾಯಿಯ ಕಣ್ಣು ತುಂಬಿ ಬಂತು. ಎದ್ದು ಅವಳ ತಲೆ ಸವರಿ, ಸಂಬಂಧ ಗಟ್ಟಿಯಾಯಿತೆಂದು ಅಲ್ಲೇ ಸಕ್ಕರೆ ಹಂಚಿಸಿದರು.

ಅವರ ಗಾಡಿ ಓಣಿ ದಾಟಿದ್ದೇ ತಡ, ಅವ್ವ ತಂಗಿಯ ಕಿವಿ ಹಿಂಡಿದಳು: “ಎರಡು ಸಲ ನೋಡಿ ಮುಗಿಸಿದಾಕಿ ನೀ! ಎರಡೂ ಸಲ ಆ ಅತ್ತಿಗೆ ನನಕಿಂತ ಜಾಸ್ತಿ ಬೈದಾಕಿ!”